ಸಿಟ್ಟು ಇರಲಿ, ತಟ್ಟೆಯಲ್ಲಿ ಏನಿತ್ತು ಹೇಳು

ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ಅಪ್ಪನ ಮೇಲೆ ನಿನಗೆ ಎಷ್ಟು ಸಿಟ್ಟಿದೆ ಅಂತ ಚೆನ್ನಾಗಿ ಗೊತ್ತಾಯಿತು. ಅಪ್ಪ ಹೇಗಿದ್ದಾರೆ ಅಂತ ಮಾತ್ರ ಗೊತ್ತಾಗಲಿಲ್ಲ. ಆರು ಪುಟದ ತುಂಬ ಬರೀ ಕೂಗುತ್ತಾರೆ. ಕೆಮ್ಮುವುದಿಲ್ಲ, ಬೀಡಿಗೆ ಬೆಂಕಿಪೊಟ್ಟಣ ಹುಡುಕುವುದಿಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಜಮೀನಿನ ಪಾಲಿನ ವಿಷಯಕ್ಕೆ ನನ್ನ ಅಣ್ಣ ಅರಳಿಕಟ್ಟೆಯ ಹತ್ತಿರ ಎಲ್ಲರೆದುರು, "ಈ ಮನೆಗೆ ನೀನೇನು ಮಾಡಿದ್ದೀಯ?" ಅಂದ. ಅವತ್ತು ಸಂಜೆ ಬಸ್ಸು ಹತ್ತಿದವನು ಹನ್ನೊಂದು ವರ್ಷ ಅವನ ಹತ್ತಿರ ಮಾತಾಡಲಿಲ್ಲ. ಬೆಂಗಳೂರಿಗೆ ಬಂದದ್ದು, ಪ್ರೂಫ್ ತಿದ್ದುವ ಕೆಲಸ ಹಿಡಿದದ್ದು, ರಾತ್ರಿ ಬರೆಯಲು ಕೂತದ್ದು, ಎಲ್ಲ ಆ ಸಿಟ್ಟಿನಲ್ಲೇ. ಅದಕ್ಕೇ ಸಿಟ್ಟು ಕೆಟ್ಟದ್ದು ಅನ್ನುವವರ ಮಾತನ್ನು ನಾನು ಜಾಸ್ತಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದರೆ ಅಣ್ಣನ ಕಥೆ ಮೂರು ಸಲ ಬರೆದರೂ ಎದ್ದು ನಿಲ್ಲಲಿಲ್ಲ. ನಾಲ್ಕನೇ ಸಲ ಸುಮ್ನೆ ಒಂದು ನೆನಪು ಬಂತು. ಸ್ಕೂಲಿನ ದಾರಿಯಲ್ಲಿ ನನ್ನ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಅಣ್ಣ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಅಂಗಿಗೆ ಗುಂಡಿ ಬದಲು ಹಾಕಿಕೊಂಡಿದ್ದ ಪಿನ್ನು ಬಿಚ್ಚಿ, ಬಾರನ್ನು ತೂತಿಗೆ ತುರುಕಿ ಅಡಿಯಿಂದ ಪಿನ್ನು ಚುಚ್ಚಿಕೊಟ್ಟ. ಆಮೇಲೆ ಎದೆಯ ಹತ್ತಿರ ಅಂಗಿ ಹಿಡಿದುಕೊಂಡೇ ಸ್ಕೂಲಿನ ತನಕ ನಡೆದ. ಇದನ್ನು ಬರೆದ ಮೇಲೆ ಕಟ್ಟೆಯ ಮಾತು ಇನ್ನೂ ಜಾಸ್ತಿ ಉರಿಯಿತು. ಅದೇ ಮಾತು ಯಾರೋ ದಾರಿಹೋಕ ಅಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ, ಅಲ್ವಾ?

ದಲಿತ ಕವಿ ಸಿದ್ದಲಿಂಗಯ್ಯನವರನ್ನು ಓದು. ಮೊದಲು 1975ರ ಕವನ ಸಂಕಲನ 'ಹೊಲೆಮಾದಿಗರ ಹಾಡು', ಆಮೇಲೆ ಅವರ ಆತ್ಮಕಥೆ 'ಊರುಕೇರಿ'. ಹಾಡಿನಲ್ಲಿ ಸಿಟ್ಟು ಬೀದಿಗೆ ಇಳಿದಿದೆ. ಆತ್ಮಕಥೆಯ ಶುರುವಿನಲ್ಲೇ ಅವರ ಅಪ್ಪ ಎತ್ತಿನ ಹಾಗೆ ನೊಗ ಹೊತ್ತು ಬೇರೆಯವರ ಹೊಲದಲ್ಲಿ ಸುತ್ತುತ್ತಾರೆ. ಹುಡುಗ ನೋಡುತ್ತಾನೆ, ಅಷ್ಟೇ. ಬೈಗುಳ ಇಲ್ಲ. ಪುಸ್ತಕದ ತುಂಬ ನಗು ಬೇರೆ! ಅವರ ಸಿಟ್ಟು ಆರಿಹೋಗಿತ್ತು ಅಂದರೆ ನಾನು ಒಪ್ಪುವುದಿಲ್ಲ. ಸಿಟ್ಟಾಗುವ ಕೆಲಸವನ್ನು ಓದುವ ನಮಗೆ ಬಿಟ್ಟಿದ್ದಾರೆ.

ಹಾಗಂತ ಅಪ್ಪನನ್ನು ಕ್ಷಮಿಸಿ ಬರಿ ಅಂತ ಹೇಳುತ್ತಿಲ್ಲ. ಕೊನೆಯಲ್ಲಿ ಅಪ್ಪ ಮಗ ತಬ್ಬಿಕೊಂಡು ಅತ್ತರೆ ಕಥೆ ವಾಪಸ್ ಕಳಿಸುತ್ತೇನೆ, ನೋಡು. ಮೂರನೇ ಪುಟದಲ್ಲಿ ಅವರು ತಟ್ಟೆ ಎಸೆಯುತ್ತಾರಲ್ಲ, ಅಲ್ಲಿ ಸ್ವಲ್ಪ ನಿಲ್ಲು. ತಟ್ಟೆಯಲ್ಲಿ ಏನಿತ್ತು? ನೆಲ ಒರೆಸಿದ್ದು ಯಾರು? ಆಮೇಲೆ ಅವರು ಉಪವಾಸ ಮಲಗಿದರಾ, ಇಲ್ಲ ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲೇ ಅಡುಗೆಮನೆಗೆ ಬಂದು ಪಾತ್ರೆ ಮುಚ್ಚಳ ತೆಗೆದರಾ? ನಿನಗೆ ಗೊತ್ತಿರುತ್ತದೆ. ಅಷ್ಟು ಸಿಟ್ಟಿರುವವನು ಅದನ್ನೂ ನೋಡಿರುತ್ತಾನೆ.

ನನ್ನ ಕಥೆ ಅಣ್ಣ ಓದಿದನಾ ಅಂತ ಕೇಳಿಲ್ಲ. ಹೋದ ಸಲ ಊರಿಗೆ ಹೋದಾಗ, ಹೊರಡುವ ಹೊತ್ತಿಗೆ ನನ್ನ ಚೀಲಕ್ಕೆ ನಾಲ್ಕು ತೆಂಗಿನಕಾಯಿ ತುಂಬಿದ. ಪಾಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಿಟ್ಟು ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ಕಾಯಿ ಮಾತ್ರ ಚೆನ್ನಾಗಿದ್ದವು.