ಲೂಪಸ್ ಸಂಶೋಧನೆಗೆ ಸರ್ಕಾರ ಹಣ ಕೊಡಲಿ

ಹೈಡ್ರಾಕ್ಸಿಕ್ಲೋರೊಕ್ವಿನ್ ಕೊರೊನಾಕ್ಕೆ ಮದ್ದಂತೆ ಎಂಬ ಸುದ್ದಿ 2020ರ ಮಾರ್ಚ್‌ನಲ್ಲಿ ಹಬ್ಬಿದಾಗ, ತಂಗಿಗಾಗಿ ಏಳು ಮೆಡಿಕಲ್ ಶಾಪ್ ಸುತ್ತಿದ್ದೆ. ಸಿಕ್ಕಿದ್ದು ಒಂದೇ ಸ್ಟ್ರಿಪ್. ಆಕೆಗಿರುವುದು ಲೂಪಸ್, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲು, ಚರ್ಮ, ಮೂತ್ರಪಿಂಡಗಳನ್ನು ಕೆಡಿಸುವ ಕಾಯಿಲೆ. ಆ ಮಾತ್ರೆ ಇಂಥವರಿಗೆ ದಿನದ ಊಟವಿದ್ದಂತೆ ಎಂಬುದು ಆಗ ಹೆಚ್ಚಿನವರಿಗೆ ಹೊಳೆಯಲೇ ಇಲ್ಲ.

ಕಾಯಿಲೆ ಶುರುವಾದಾಗ ತಂಗಿಗೆ ಕೆನ್ನೆ ಮೇಲೆ ಚಿಟ್ಟೆಯಾಕಾರದ ಕೆಂಪು, ಬೆಳಗೆದ್ದರೆ ಬೆರಳು ಮಡಚಲಾಗದ ನೋವು. ವೈದ್ಯರು ಮೊದಲು ಬಿಸಿಲಿನ ಅಲರ್ಜಿ ಎಂದರು, ಆಮೇಲೆ ರಕ್ತ ಕಡಿಮೆ ಎಂದರು. ಮೂತ್ರದಲ್ಲಿ ಪ್ರೊಟೀನ್ ಹೋಗತೊಡಗಿದ ಮೇಲೆಯೇ ಲೂಪಸ್ ಸುಳಿವು ಕೊಡುವ ರಕ್ತದ ಎಎನ್‌ಎ ಪರೀಕ್ಷೆ ಬರೆದುಕೊಟ್ಟಿದ್ದು.

ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. (ಅದಕ್ಕೇ ಈ ಅಸಡ್ಡೆಯೋ ಎಂಬ ಅನುಮಾನ ನನಗಿದೆ.) ಲೂಪಸ್‌ಗೆಂದೇ ರೂಪಿಸಿದ ಔಷಧ ಬೆಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಅದಕ್ಕೂ ಹಿಂದಿನ ಐವತ್ತು ವರ್ಷ ಅಲ್ಲೂ ಹೊಸ ಔಷಧವಿರಲಿಲ್ಲ. ಕಂಪನಿಗಳು ಲಾಭವಿದ್ದಲ್ಲಿ ಹೋಗುತ್ತವೆ, ಅದು ಅವುಗಳ ವ್ಯಾಪಾರ. ನಮ್ಮ ಹೆಣ್ಣುಮಕ್ಕಳಲ್ಲಿ ಯಾರಿಗೆ ಮೂತ್ರಪಿಂಡ ಕೆಡುತ್ತದೆ, ಯಾರಿಗೆ ಯಾವ ಮದ್ದು ಹಿಡಿಯುತ್ತದೆ ಎಂದು ವರ್ಷಗಟ್ಟಲೆ ಕಾದು ನೋಡುವ ಅಧ್ಯಯನಕ್ಕೆ ಸರ್ಕಾರವೇ ದುಡ್ಡು ಹಾಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದಕ್ಕೆಂದೇ ಅನುದಾನ ಮೀಸಲಿಡಲಿ. ಜಿಲ್ಲಾಸ್ಪತ್ರೆಗೆ ಬರುವ ರೋಗಿಗಳನ್ನೂ ಅದರಲ್ಲಿ ಸೇರಿಸಿಕೊಳ್ಳಲಿ.

– ರೋಗಿಯೊಬ್ಬರ ಅಕ್ಕ, ದಾವಣಗೆರೆ