ವಿಮರ್ಶೆಯಲ್ಲಿ ಶಬ್ದಕ್ಕೂ ಒಂದು ಸಾಲಿರಲಿ

ಮಾನ್ಯ ಸಂಪಾದಕರೇ,

ಬಿಡುಗಡೆಯಾದ ವಾರದಲ್ಲೇ ಸಿನಿಮಾ ನೋಡಿಬಿಡುವ ಚಟ ನನ್ನದು. ಈಚೆಗೆ ನೋಡಿದ ಒಂದು ಸಾಹಸಚಿತ್ರದಲ್ಲಿ, ಸಾಯುವ ಮುನ್ನ ತಂದೆ ಮಗನಿಗೆ ಹೇಳುವ ಮಾತು ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಕೊಚ್ಚಿಹೋಯಿತು. ಪಕ್ಕದಲ್ಲಿದ್ದವರನ್ನು ಕೇಳಿದರೆ ಅವರಿಗೂ ಅದು ಕೇಳಿಸಿರಲಿಲ್ಲ. ಅಳು ಬರಬೇಕಾದ ಕಡೆ ಪಿಟೀಲು, ಭಯ ಹುಟ್ಟಬೇಕಾದ ಕಡೆ ನಗಾರಿ, ನಾಯಕ ಸುಮ್ಮನೆ ಬಾಗಿಲು ತೆರೆದರೂ ನಗಾರಿ!

ಶಬ್ದವನ್ನು ಹತೋಟಿಯಲ್ಲಿಟ್ಟುಕೊಂಡ ಚಿತ್ರಗಳೂ ಈ ಕೆಲವು ವರ್ಷಗಳಲ್ಲೇ ಬಂದಿವೆ. ಕ್ರಿಸ್ಟೋಫರ್ ನೋಲನ್ ಅವರ ‘ಓಪನ್‌ಹೈಮರ್’ (2023) ಚಿತ್ರದಲ್ಲಿ, 1945ರ ಜುಲೈ 16ರ ಅಣುಬಾಂಬ್ ಪರೀಕ್ಷೆಯ ಬೆಂಕಿ ಮುಗಿಲಿಗೇರುವಾಗ ಉಸಿರಾಟವೊಂದರ ಹೊರತು ಬಹಳ ಹೊತ್ತು ಬೇರೆ ಸದ್ದೇ ಇಲ್ಲ. ಇದು ಬರೀ ಚಮತ್ಕಾರವಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, ಹತ್ತು ಕಿಲೋಮೀಟರ್ ದೂರ ನಿಂತವರಿಗೆ ಬೆಳಕು ಕಂಡು ಅರ್ಧ ನಿಮಿಷ ಕಳೆದ ಮೇಲಷ್ಟೇ ಸ್ಫೋಟ ಕೇಳಿಸುತ್ತದೆ. ಅದೇ ಚಿತ್ರದ ಎಷ್ಟೋ ಸಂಭಾಷಣೆಗಳ ಮೇಲೆ ಸಂಗೀತ ಏರಿ ಕೂತದ್ದು ನನಗೆ ಹಿಡಿಸಲಿಲ್ಲ, ಆ ಮಾತು ಬೇರೆ.

ಜೊನಾಥನ್ ಗ್ಲೇಜರ್ ನಿರ್ದೇಶನದ ‘ದಿ ಜೋನ್ ಆಫ್ ಇಂಟರೆಸ್ಟ್’ ನನ್ನನ್ನು ಇನ್ನೂ ಕಾಡುತ್ತಿದೆ. ಹಿಟ್ಲರನ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಔಶ್‌ವಿಟ್ಸ್ ಯಾತನಾ ಶಿಬಿರದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಅಲ್ಲಿನ ಮುಖ್ಯಾಧಿಕಾರಿಯ ಸಂಸಾರ ನೆಮ್ಮದಿಯಾಗಿದೆ. ಹೆಂಡತಿ ಹೂದೋಟ ನೋಡಿಕೊಳ್ಳುತ್ತಾಳೆ, ಮಕ್ಕಳು ಆಡುತ್ತಾರೆ. ಗೋಡೆಯಾಚೆ ನಡೆಯುವ ಹತ್ಯೆಯನ್ನು ಕ್ಯಾಮೆರಾ ತೋರಿಸುವುದಿಲ್ಲ. ದೂರದ ಗುಂಡಿನ ಸದ್ದು, ಚೀತ್ಕಾರ, ನಿಲ್ಲದ ಕುಲುಮೆಯ ಮೊರೆತ ಮಾತ್ರ ಕೇಳುತ್ತಿರುತ್ತವೆ, ಮತ್ತು ಅವು ಆ ಮನೆಯವರಿಗೆ ರೂಢಿಯಾಗಿಹೋಗಿವೆ ಎಂಬುದು ಹೊಳೆದಾಗ ಮೈ ತಣ್ಣಗಾಗುತ್ತದೆ. 2024ರಲ್ಲಿ ಶಬ್ದ ವಿಭಾಗದ ಆಸ್ಕರ್ ‘ಓಪನ್‌ಹೈಮರ್’ಗಲ್ಲ, ಈ ಚಿತ್ರಕ್ಕೆ ಸಂದಿತು.

ತಮ್ಮ ಪತ್ರಿಕೆಯ ಚಿತ್ರವಿಮರ್ಶೆಗಳಲ್ಲಿ ಕಥೆ, ಅಭಿನಯ, ಛಾಯಾಗ್ರಹಣ, ಹಾಡುಗಳಿಗೆಲ್ಲ ಒಂದೊಂದು ಮಾತು ಇದ್ದೇ ಇರುತ್ತದೆ. ಶಬ್ದ ವಿನ್ಯಾಸ ಮಾಡಿದವರ ಹೆಸರು ಕಂಡ ನೆನಪು ನನಗಿಲ್ಲ. ಸಂಭಾಷಣೆ ಸ್ಪಷ್ಟವಾಗಿ ಕೇಳಿಸುತ್ತದೆಯೇ, ಸಂಗೀತ ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ವಿಮರ್ಶಕರು ಒಂದು ಸಾಲಿನಲ್ಲಿ ತಿಳಿಸಿದರೂ, ಟಿಕೆಟ್ ಕೊಳ್ಳುವ ಮುನ್ನ ನನ್ನಂಥವರಿಗೆ ಉಪಯೋಗವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರರಸಿಕ