ಕರಿಬೇವಿನ ಎಲೆ ತೂತಾದರೆ ಔಷಧ ಹೊಡೆಯಬೇಡಿ: ಪೋಷಕರಿಗೆ ಪತ್ರ

ಇಂಡಿ ತಾಲೂಕು, ವಿಜಯಪುರ ಜಿಲ್ಲೆ

ಪ್ರಿಯ ಪೋಷಕರೇ,

ಮಿರಗದ ಮಳೆ ಬಿದ್ದ ಕೂಡಲೇ ಶಾಲೆಯ ಕಾಂಪೌಂಡ್ ಗುಂಟ ಪಾತರಗಿತ್ತಿಗಳಿಗಾಗಿ ಗಿಡ ಹಚ್ಚಲಿದ್ದೇವೆ. ಆರು ಮತ್ತು ಏಳನೇ ತರಗತಿಯ ಮಕ್ಕಳು ಮನೆಗೂ ಒಂದೊಂದು ಕರಿಬೇವಿನ ಸಸಿ ತರುತ್ತಾರೆ.

ಬಣ್ಣದ ಹೂವಿನ ಗಿಡ ಹಚ್ಚಿದರೆ ಪಾತರಗಿತ್ತಿ ಬಂದು ಮಕರಂದ ಹೀರಿ ಹೋಗುತ್ತದೆ, ಅಷ್ಟೇ. ಮೊಟ್ಟೆ ಇಡುವುದು ತನ್ನ ಮರಿಹುಳು ತಿನ್ನುವ ಎಲೆಯ ಮೇಲೆ. ಆ ಗಿಡಗಳಿಗೆ ನಮ್ಮ ಕಡೆ ಬರವಿಲ್ಲ. ನಿಂಬೆ, ಕರಿಬೇವಿಗೆ ನಿಂಬೆ ಚಿಟ್ಟೆ; ಆವರಿಕೆ, ಕಕ್ಕೆಗೆ ತಿಳಿಹಳದಿಯ ಎಮಿಗ್ರಂಟ್; ಎಕ್ಕೆಗೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್; ಔಡಲಕ್ಕೆ ಕಂದು ಬಣ್ಣದ ಕ್ಯಾಸ್ಟರ್. ಎಕ್ಕೆಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ, ಔಡಲದ ಬೀಜ ವಿಷ. ಇವೆರಡನ್ನು ಶಾಲೆಯಲ್ಲಿ ಹಚ್ಚುವುದಿಲ್ಲ. ಹೊಲದ ಬದುವಿನಲ್ಲಿ ತಾನೇ ಎದ್ದ ಎಕ್ಕೆಯನ್ನು ತಾವು ಕೀಳದಿದ್ದರೆ ಸಾಕು.

ಆವರಿಕೆ ಬೀಜ ಕಳಿಸುವವರು ಕಳಿಸಿ. ಅದರ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ನೀರು ಹೀರದೆ ಕೂಡುತ್ತದೆ. ಉಸುಕಿನ ಕಾಗದದ ಮೇಲೆ ಒಂದು ಬದಿ ಉಜ್ಜಿ, ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನಷ್ಟೇ ಅರ್ಧ ಇಂಚು ಆಳಕ್ಕೆ ಹಾಕುತ್ತೇವೆ. ಕರಿಬೇವಿನ ಬೀಜದ್ದು ತಿರುವುಮುರುವು: ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇ ಹೋಗುತ್ತದೆ. ಕಪ್ಪಾದ ಹಣ್ಣಿನ ತಿರುಳು ತೊಳೆದು ಆ ವಾರವೇ ಬಿತ್ತಬೇಕು.

ಸಸಿಗೆ ಒಂದೂವರೆ ಅಡಿ ಗುಂಡಿ ತೋಡಿ. ಎರಡು ಪಾಲು ಎರಿ ಮಣ್ಣು, ಒಂದು ಪಾಲು ಗರಸು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಏರಿಸಿ ಹಚ್ಚಿ. ಎರಿಯಲ್ಲಿ ಮಳೆನೀರು ನಿಂತು ಕರಿಬೇವಿನ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಬುಡಕ್ಕೆ ತೊಗರಿ ಹೊಟ್ಟು ಮುಚ್ಚಿದರೆ ಬಿರುಕು ಕಡಿಮೆ.

ಇನ್ನು ಮುಖ್ಯ ವಿಷಯ. ಕರಿಬೇವಿನ ಚಿಗುರೆಲೆಯ ಮೇಲೆ ನಿಂಬೆ ಚಿಟ್ಟೆಯ, ಸಾಸಿವೆಗಿಂತ ಸಣ್ಣ ಹಳದಿ ಮಣಿಯಂಥ ಮೊಟ್ಟೆ ಕಾಣುತ್ತದೆ. ಮೂರ್ನಾಲ್ಕು ದಿನಕ್ಕೆ ಅದರಿಂದ ಹೊರಬರುವ ಹುಳು ಕಂದು, ನಡುವೆ ಬಿಳಿ ಮಚ್ಚೆ. ಹಕ್ಕಿ ಹಿಕ್ಕೆ ಎಂದು ಕೊಡವಿ ಬಿಡುತ್ತೇವೆ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಕಟು ವಾಸನೆ ಬಿಡುತ್ತದೆ, ಕಚ್ಚುವುದಿಲ್ಲ. ಎರಡು ವಾರ ಎಲೆ ತಿಂದು ಕೋಶ ಕಟ್ಟುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ಎಲೆ ಕಮ್ಮಿ ಬಿದ್ದೀತು, ಸ್ವಲ್ಪ ಹೊಂದಿಸಿಕೊಳ್ಳಿ. ಈ ದಿನಗಳಲ್ಲಿ ಔಷಧ ಹೊಡೆಯಬೇಡಿ. ಬೇವಿನೆಣ್ಣೆಯೂ ಮರಿಹುಳುವನ್ನು ಕೊಲ್ಲುತ್ತದೆ. ನರ್ಸರಿಯಿಂದ ತಂದ ಸಸಿಗೆ ಮೊದಲೇ ಔಷಧ ಹೊಡೆದಿರಬಹುದು, ಹೊಸ ಚಿಗುರು ಬರುವವರೆಗೆ ಹುಳು ಬಿಡಬೇಡಿ.

ನಿಂಬೆ ತೋಟದವರ ಕಷ್ಟ ಬೇರೆ, ಅದು ಗೊತ್ತು. ಎಳೆ ಸಸಿಗಳನ್ನು ಈ ಹುಳು ಬೋಳು ಮಾಡುತ್ತದೆ. ಅಲ್ಲಿ ಬೆಳಿಗ್ಗೆ ಕೈಯಿಂದ ಆರಿಸಿ, ಮೂಲೆಯ ಒಂದು ದೊಡ್ಡ ನಿಂಬೆ ಗಿಡಕ್ಕೆ ಬಿಡಿ; ಬಲಿತ ಗಿಡ ತಾಳಿಕೊಳ್ಳುತ್ತದೆ.

ಮಕ್ಕಳು ಹುಳುವನ್ನು ಮುಚ್ಚಿದ ಬಾಟಲಿಯಲ್ಲಿ ಇಡದಂತೆ ನೋಡಿಕೊಳ್ಳಿ. ಹಿಕ್ಕೆ, ತೇವ ಸೇರಿ ಬೂಸು ಹಿಡಿದು ಸಾಯುತ್ತದೆ. ಬೇಕಿದ್ದರೆ ರಟ್ಟಿನ ಪೆಟ್ಟಿಗೆಗೆ ಸೊಳ್ಳೆಪರದೆಯ ತುಂಡು ಕಟ್ಟಿ, ದಿನಾ ಹಿಕ್ಕೆ ತೆಗೆದು ತಾಜಾ ಎಲೆ ಹಾಕಲಿ.

ಸೋಮವಾರ ಪ್ರತಿ ಮಗುವಿನ ಕೈಯಲ್ಲಿ ಒಂದು ಖಾಲಿ ಹಾಲಿನ ಪ್ಯಾಕೆಟ್ ಮತ್ತು ಎರಡು ಹಿಡಿ ಗರಸು ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು